ರುವೆಂಜೋರಿ ಚಾರಣ: ಕೆಸರು, ಕಣಿವೆ, ಹಿಮ – ಓದುಗರ ಪ್ರಶ್ನೆಗಳಿಗೆ ಉತ್ತರ

ಉಗಾಂಡಾದ ಪಶ್ಚಿಮ ಗಡಿಯಲ್ಲಿ, ಭೂಮಧ್ಯರೇಖೆಗೆ ಅಂಟಿಕೊಂಡಂತೆ ಇರುವ ರುವೆಂಜೋರಿ ಪರ್ವತ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವ ಬಗ್ಗೆ ಓದುಗರು ಕೇಳಿರುವ ಪ್ರಶ್ನೆಗಳಲ್ಲಿ ಆಯ್ದವು ಇಲ್ಲಿವೆ. ಒಂದೇ ವಿಷಯ ಕೇಳಿದವರ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇವೆ.

ಕಿಲಿಮಂಜಾರೋ ಹತ್ತಿ ಬಂದಿದ್ದೇನೆ. ರುವೆಂಜೋರಿಯ ಅತಿ ಎತ್ತರದ ಮಾರ್ಗರಿಟಾ ಶಿಖರ ಅದಕ್ಕಿಂತ ಸುಮಾರು 800 ಮೀಟರ್ ಕಡಿಮೆ. ಹಾಗಿದ್ದರೆ ಸುಲಭವೇ ಅಲ್ಲವೇ?
– ಓದುಗರು, ಬೆಂಗಳೂರು

ಅಲ್ಲ. ಎತ್ತರದ ಲೆಕ್ಕವೊಂದನ್ನೇ ನೋಡಿಕೊಂಡು ಹೊರಟವರು ಇಲ್ಲಿ ಎರಡನೇ ದಿನಕ್ಕೇ ಸೋಲುತ್ತಾರೆ. ಕಿಲಿಮಂಜಾರೋ 5,895 ಮೀಟರ್ ಎತ್ತರದ ಒಂಟಿ ಜ್ವಾಲಾಮುಖಿ. ದಾರಿ ಬಹುಪಾಲು ಒಣಗಿರುತ್ತದೆ, ಮೇಲಿಂದ ಕೆಳಕ್ಕೆ ನೇರ ಇಳಿಜಾರು. ರುವೆಂಜೋರಿ ಜ್ವಾಲಾಮುಖಿಯಲ್ಲ. ಭೂಬಿರುಕಿನ ಅಂಚಿನಲ್ಲಿ ಮೇಲೆದ್ದು ನಿಂತ ಹಳೆಯ ಬಂಡೆಯ ಸಾಲು. ಸ್ಟ್ಯಾನ್ಲಿ, ಸ್ಪೀಕ್, ಬೇಕರ್, ಎಮಿನ್, ಗೆಸ್ಸಿ, ಲೂಯಿಜಿ ದಿ ಸವೋಯಾ ಎಂಬ ಆರು ಪರ್ವತಗಳು, ಅವುಗಳ ನಡುವೆ ಆಳವಾದ ಕಣಿವೆಗಳು, ಕಣಿವೆ ತುಂಬ ಜೌಗು. ಸ್ಟ್ಯಾನ್ಲಿಯ ತುದಿಯೇ 5,109 ಮೀಟರಿನ ಮಾರ್ಗರಿಟಾ.

ಇಲ್ಲಿ ಎರಡು ಸಂಗತಿಗಳು ಜನರನ್ನು ಸೋಲಿಸುತ್ತವೆ. ಮೊದಲನೆಯದು ಒದ್ದೆ: ‘ಒಣ’ ತಿಂಗಳಲ್ಲೂ ಮಳೆ ಬರುತ್ತದೆ, ಕೆಸರು ಆರುವುದೇ ಇಲ್ಲ. ಎರಡನೆಯದು ದಾರಿಯ ಆಕಾರ. ಒಂದು ಹಂತ ದಾಟಿದ ಮೇಲೆ ಕೆಳಗೆ ಹೋಗಬೇಕಾದರೂ ಮೊದಲು ಮೇಲೆ ಹತ್ತಬೇಕು. ಕಿಲಿಮಂಜಾರೋದಲ್ಲಿ ತಲೆ ಸಿಡಿದರೆ ಅಲ್ಲಿಂದಲೇ ಇಳಿಯಲು ತೊಡಗಬಹುದು, ಇಲ್ಲಿ ಎಲ್ಲ ಕಡೆಯೂ ಹಾಗಾಗದು. ಈ ಅಂಕಣದ ಉಳಿದ ಹಲವು ಉತ್ತರಗಳು ಈ ಎರಡರ ಸುತ್ತಲೇ ಇವೆ.

ಯಾವ ದಾರಿ ಆರಿಸಬೇಕು? ಎಷ್ಟು ದಿನ ಇಟ್ಟುಕೊಳ್ಳಬೇಕು?
– ಓದುಗರು, ಹಾಸನ ಮತ್ತು ತುಮಕೂರು

ಎರಡು ಮುಖ್ಯ ದಾರಿಗಳಿವೆ. ಹಳೆಯದು ಸೆಂಟ್ರಲ್ ಸರ್ಕ್ಯೂಟ್. ಕಸೇಸೆ ಪಟ್ಟಣದ ಬಳಿಯ ನ್ಯಾಕಲೆಂಗಿಜಾ (1,646 ಮೀ) ಹಳ್ಳಿಯಿಂದ ಹೊರಟು ಸುತ್ತು ಹಾಕಿ ಅಲ್ಲಿಗೇ ಬರುತ್ತದೆ, ಸಾಮಾನ್ಯವಾಗಿ ಏಳು ದಿನ. ತಂಗುವ ಹಟ್‌ಗಳು ಹೀಗೆ: ನ್ಯಾಬಿಟಾಬಾ (2,651 ಮೀ), ಜಾನ್ ಮಾಟೆ (3,414), ಬುಜುಕು (3,962), ಎಲೆನಾ (4,541). ಎಲೆನಾದಿಂದ ಶಿಖರಕ್ಕೆ ಹೋಗಿಬಂದು ಅದೇ ದಿನ ಕಿಟಂಡಾರಾ (4,023) ಸರೋವರಗಳ ಹತ್ತಿರದ ಹಟ್‌ಗೆ ಇಳಿಯುತ್ತಾರೆ. ಆರನೇ ದಿನ ಫ್ರೆಶ್‌ಫೀಲ್ಡ್ ಪಾಸ್ (ಪಾಸ್ ಎಂದರೆ ಎರಡು ಬೆಟ್ಟಗಳ ನಡುವಿನ ಎತ್ತರದ ದಾಟುದಾರಿ; 4,282 ಮೀ) ದಾಟಿ ಗೈ ಯೋಮನ್ ಹಟ್, ಏಳನೇ ದಿನ ಕೆಳಗೆ. ಈ ಇಳಿತದ ದಾರಿಯಲ್ಲಿ ಬುಜೊಂಗೊಲೊ ಎಂಬ ಬಂಡೆಯ ಆಸರೆ ಸಿಗುತ್ತದೆ. 1906ರಲ್ಲಿ ಈ ಶಿಖರವನ್ನು ಮೊದಲು ಹತ್ತಿದ ಇಟಲಿಯ ಅಬ್ರುಜ್ಜಿ ಡ್ಯೂಕ್ ಲೂಯಿಜಿ ಅಮೆಡಿಯೊ ಅವರ ತಂಡ ಬೀಡುಬಿಟ್ಟಿದ್ದು ಅಲ್ಲಿ. ಐದು ನಿಮಿಷ ನಿಂತು ನೋಡಿ.

ಇನ್ನೊಂದು ಕಿಲೆಂಬೆ ದಾರಿ, ಹಳೆಯ ತಾಮ್ರದ ಗಣಿಯ ಊರಾದ ಕಿಲೆಂಬೆಯಿಂದ (ಸುಮಾರು 1,450 ಮೀ). ಸಿನೆ (2,596), ಕಲಲಾಮಾ (3,134), ಮುಟಿಂಡಾ (3,582), ಬುಗಾಟಾ (4,062), ಹನ್‌ವಿಕ್ಸ್ (3,974), ಮಾರ್ಗರಿಟಾ ಕ್ಯಾಂಪ್ (4,485) – ಇವು ಈ ದಾರಿಯ ತಂಗುದಾಣಗಳು. ಶಿಖರ ಸೇರಿಸಿ ಕನಿಷ್ಠ ಎಂಟು ದಿನ ಬೇಕು, ಪ್ರತಿಯೊಂದರಲ್ಲೂ ಒಂದು ರಾತ್ರಿ ತಂಗಿದರೆ ಇನ್ನೂ ಹೆಚ್ಚು.

ನಮ್ಮ ಸಲಹೆ: ಎತ್ತರದ ಅಭ್ಯಾಸ ಇಲ್ಲದವರು ಕಿಲೆಂಬೆಯನ್ನೇ ಆರಿಸಿ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು ಎಂಬುದು ವೈದ್ಯರು ಹೇಳುವ ಮಿತಿ. ಸೆಂಟ್ರಲ್ ಸರ್ಕ್ಯೂಟಿನಲ್ಲಿ ಎರಡನೇ ದಿನ 763, ಮೂರನೇ ದಿನ 548, ನಾಲ್ಕನೇ ದಿನ 579 ಮೀಟರ್ ಏರುತ್ತೀರಿ. ಮೂರು ದಿನವೂ ಮಿತಿ ಮೀರಿದ್ದೇ. ಆ ದಾರಿಯೇ ಬೇಕೆಂದರೆ ಏಳು ದಿನವನ್ನು ಎಂಟು ಮಾಡಿ, ಬುಜುಕುವಿನಲ್ಲಿ ಎರಡು ರಾತ್ರಿ ಕಳೆಯಿರಿ. ನಡುವಿನ ದಿನ ಸುಮ್ಮನೆ ಮಲಗಬೇಡಿ, ಸ್ಟೂಲ್‌ಮನ್ ಪಾಸ್ ಕಡೆ ಒಂದಿಷ್ಟು ಹತ್ತಿ ಮಧ್ಯಾಹ್ನದೊಳಗೆ ಹಟ್‌ಗೆ ವಾಪಸಾಗಿ. ಈ ಒಂದು ದಿನದ ಖರ್ಚು ಉಳಿಸಲು ಹೋಗಿ ಇಡೀ ಪ್ರವಾಸದ ಹಣ ನೀರುಪಾಲಾಗುವುದುಂಟು.

ಗೈಡ್ ಇಲ್ಲದೆ ಉದ್ಯಾನದೊಳಗೆ ಬಿಡುವುದಿಲ್ಲ. ಪ್ರವೇಶ, ಹಟ್, ಗೈಡ್, ಪೋರ್ಟರ್ ಎಲ್ಲ ಸೇರಿದ ಪ್ಯಾಕೇಜ್ ಪಡೆಯುವುದೇ ರೂಢಿ.

ಮಲೆನಾಡಿನ ಮಳೆಯಲ್ಲೇ ಹುಟ್ಟಿ ಬೆಳೆದವಳು. ಕೆಸರು ನನಗೆ ಹೊಸದಲ್ಲ. ಆದರೂ ಗಮ್‌ಬೂಟು ಬೇಕೇ ಬೇಕು ಎನ್ನುತ್ತಾರಲ್ಲ, ಏಕೆ? ಒಳ್ಳೆಯ ಟ್ರೆಕಿಂಗ್ ಶೂ ಸಾಲದೇ?
– ಓದುಗರು, ಶಿರಸಿ

ಸಾಲದು. ಮಲೆನಾಡಿನ ಕೆಸರಿಗೆ ಅಡಿಯಲ್ಲಿ ನೆಲವಿದೆ. ಸೆಂಟ್ರಲ್ ಸರ್ಕ್ಯೂಟಿನ ಬಿಗೋ ಜೌಗಿನಲ್ಲಿ ಕಾಲು ಮೊಣಕಾಲವರೆಗೆ, ತಪ್ಪಿ ಬಿದ್ದರೆ ತೊಡೆಯವರೆಗೂ ಹೋಗುತ್ತದೆ. ಚರ್ಮದ ಶೂ ಒಮ್ಮೆ ನೆನೆದರೆ ಆ ಚಳಿ ತೇವದಲ್ಲಿ ಏಳು ದಿನವೂ ಒಣಗುವುದಿಲ್ಲ. ನೀರು ನುಗ್ಗದ ಪೊರೆ ಇರುವ ದುಬಾರಿ ಶೂಗಳದ್ದೂ ಅದೇ ಪಾಡು, ಏಕೆಂದರೆ ನೀರು ಬಟ್ಟೆಯ ಮೂಲಕ ಬರುವುದಲ್ಲ, ಮೇಲಿನ ಬಾಯಿಯಿಂದ ಸುರಿಯುತ್ತದೆ. ಅಲ್ಲಿನ ಗೈಡ್‌ಗಳು, ಪೋರ್ಟರ್‌ಗಳೂ ಗಮ್‌ಬೂಟಿನಲ್ಲೇ ನಡೆಯುತ್ತಾರೆ.

ಕಸೇಸೆಯ ಮಾರುಕಟ್ಟೆಯಲ್ಲಿ ಸಿಗುತ್ತವೆ, ಹೊರಡುವ ಜಾಗದಲ್ಲಿ ಬಾಡಿಗೆಗೂ ಸಿಗುವುದುಂಟು. ಕಾಲು ತೀರಾ ದೊಡ್ಡದಿದ್ದವರು ಮಾತ್ರ ಊರಿನಿಂದಲೇ ಒಯ್ಯಿರಿ. ಕೊಳ್ಳುವಾಗ ಎರಡು ಜೊತೆ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ: ಒಳಗೆ ತೆಳುವಾದದ್ದು, ಹೊರಗೆ ದಪ್ಪ ಉಣ್ಣೆಯದು. ಬೆರಳುಗಳು ಅಲುಗಬೇಕು, ಹಿಮ್ಮಡಿ ಮೇಲೇಳಬಾರದು. ಗಮ್‌ಬೂಟಿನ ದೊಡ್ಡ ದೋಷವೇ ಹಿಮ್ಮಡಿ ಮೇಲೆ ಕೆಳಗೆ ಉಜ್ಜಿ ಬೊಬ್ಬೆ ಏಳುವುದು. ಅದಕ್ಕೆ ನಿಮ್ಮ ಟ್ರೆಕಿಂಗ್ ಶೂನ ಒಳಹಾಸನ್ನು ತೆಗೆದು ಬೂಟಿನೊಳಗೆ ಹಾಕಿ, ಹಿಮ್ಮಡಿಗೆ ಮೊದಲ ದಿನ ಬೆಳಿಗ್ಗೆಯೇ ಅಂಟುಪಟ್ಟಿ ಹಚ್ಚಿ. ಬೊಬ್ಬೆ ಎದ್ದ ಮೇಲೆ ಹಚ್ಚಿದರೆ ಒದ್ದೆ ಚರ್ಮಕ್ಕೆ ಅದು ಅಂಟುವುದೇ ಇಲ್ಲ. ಮಳೆಪ್ಯಾಂಟನ್ನು ಬೂಟಿನ ಒಳಗೆ ತೂರಿಸಬೇಡಿ, ಹೊರಗೆ ಇಳಿಬಿಡಿ. ಇಲ್ಲದಿದ್ದರೆ ಪ್ಯಾಂಟಿನ ಮೇಲಿನ ನೀರೆಲ್ಲ ನೇರ ಬೂಟಿಗೆ ಇಳಿಯುತ್ತದೆ. ಸಣ್ಣ ವಿಷಯ, ಆದರೆ ಅತಿ ಹೆಚ್ಚು ಜನ ತಪ್ಪುವುದು ಇಲ್ಲೇ.

ನಡೆಯುವ ಕ್ರಮವೂ ಬೇರೆ. ಜೌಗಿನಲ್ಲಿ ದಪ್ಪ ಹುಲ್ಲಿನ ಗುಪ್ಪೆಗಳು ನೀರಿನಿಂದ ತಲೆ ಎತ್ತಿರುತ್ತವೆ. ಗುಪ್ಪೆಯ ನಟ್ಟನಡುವೆ ಹೆಜ್ಜೆ ಇಟ್ಟರೆ ತಡೆಯುತ್ತದೆ, ಅಂಚಿಗೆ ಇಟ್ಟರೆ ವಾಲಿ ನಿಮ್ಮನ್ನು ನಡುವಿನ ಗುಂಡಿಗೆ ಬೀಳಿಸುತ್ತದೆ. ಗುಪ್ಪೆಯಿಂದ ಗುಪ್ಪೆಗೆ ಹಾರಬೇಡಿ, ಕೋಲೂರಿ ದಾಟಿ. ವಾಕಿಂಗ್ ಕೋಲಿನ ತುದಿಗೆ ಅಗಲವಾದ ಬಿಲ್ಲೆ ಹಾಕದಿದ್ದರೆ ಕೋಲೇ ಹೂತು ಹೋಗುತ್ತದೆ. ಹಲಗೆ ಹಾದಿ ಕಂಡಾಗ ನೆಮ್ಮದಿ ಎನಿಸುತ್ತದೆ, ಆದರೆ ಪಾಚಿ ಹಿಡಿದ ಹಲಗೆಯೇ ಹೆಚ್ಚು ಅಪಾಯ. ಪಾದವನ್ನು ಪೂರ್ತಿ ಚಪ್ಪಟೆಯಾಗಿ ಊರಿ, ಗೇಣು ಗೇಣು ಹೆಜ್ಜೆ ಹಾಕಿ.

ಮಲೆನಾಡಿನ ಅನುಭವ ಒಂದು ಕಡೆ ಮೋಸ ಮಾಡಬಲ್ಲದು. ಊರಿನಲ್ಲಿ ನೆನೆದರೆ ಮನೆಗೆ ಬಂದು ಬಟ್ಟೆ ಬದಲಿಸಿದರಾಯಿತು. ಇಲ್ಲಿ ನಾಲ್ಕು ಸಾವಿರ ಮೀಟರಿನಲ್ಲಿ, ಸೊನ್ನೆಗೆ ಹತ್ತಿರದ ಚಳಿಯಲ್ಲಿ, ಗಾಳಿಗೆ ಒಡ್ಡಿಕೊಂಡು ನೆನೆಯುತ್ತೀರಿ. ಹತ್ತಿಯ ಬನಿಯನ್, ಜೀನ್ಸ್ ನೀರು ಹಿಡಿದಿಟ್ಟುಕೊಂಡು ಮೈಯ ಕಾವನ್ನು ಹೀರುತ್ತವೆ, ಒಂದನ್ನೂ ತರಬೇಡಿ. ಮೈಗೆ ತಾಗುವ ಬಟ್ಟೆ ಉಣ್ಣೆ ಅಥವಾ ಪಾಲಿಯೆಸ್ಟರಿನದಾಗಿರಲಿ. ಪುಕ್ಕದ ಜಾಕೆಟ್ ತೇವ ತಾಗಿದರೆ ಮುದ್ದೆಗಟ್ಟುತ್ತದೆ, ಕೃತಕ ನಾರು ತುಂಬಿದ್ದೇ ಇಲ್ಲಿಗೆ ಲೇಸು. ಜೊತೆಗಾರ ನಡುಗುತ್ತಿದ್ದು, ಎಡವತೊಡಗಿ, ಮಾತು ತೊದಲಿದರೆ ಅದು ದಣಿವಲ್ಲ, ದೇಹದ ಕಾವು ಇಳಿಯುತ್ತಿದೆ ಎಂದರ್ಥ. ನಿಲ್ಲಿಸಿ, ಒದ್ದೆ ಬಟ್ಟೆ ತೆಗೆಸಿ, ಒಣ ಬಟ್ಟೆ ಹಾಕಿಸಿ, ಬಿಸಿಯಾದ ಸಿಹಿ ಪಾನೀಯ ಕೊಡಿ.

ಒಣ ಬಟ್ಟೆ ಉಳಿದಿರಬೇಕಲ್ಲ? ಬ್ಯಾಗಿನ ಮೇಲಿನ ಮಳೆಹೊದಿಕೆಯನ್ನು ನಂಬಬೇಡಿ, ಬೆನ್ನಿನ ಕಡೆಯಿಂದ ನೀರು ಒಳಗಿಳಿಯುತ್ತದೆ. ಬ್ಯಾಗಿನ ಒಳಗೇ ದಪ್ಪ ಪ್ಲಾಸ್ಟಿಕ್ ಚೀಲ ಹಾಸಿ, ಅದರೊಳಗೆ ಮಲಗುವ ಚೀಲವನ್ನು ಮತ್ತೊಂದು ಡ್ರೈಬ್ಯಾಗ್‌ನಲ್ಲಿ (ನೀರು ನುಗ್ಗದ ಚೀಲ) ಕಟ್ಟಿಡಿ. ಪೋರ್ಟರ್ ಹೊರುವ ಗಂಟಿಗೂ ಇದೇ ಕ್ರಮ. ಒಂದು ಜೊತೆ ಉಣ್ಣೆ ಕಾಲುಚೀಲ, ಒಂದು ಜೊತೆ ಒಳಉಡುಪು ರಾತ್ರಿಗೆ ಮಾತ್ರ ಮೀಸಲು, ಎಷ್ಟೇ ಆಸೆಯಾದರೂ ಹಗಲು ಮುಟ್ಟಬೇಡಿ. ಬೆಳಿಗ್ಗೆ ಮತ್ತೆ ಆ ತಣ್ಣನೆಯ ಒದ್ದೆ ಕಾಲುಚೀಲವನ್ನೇ ಏರಿಸಿಕೊಳ್ಳುವುದು ಕಷ್ಟ. ಆದರೆ ರಾತ್ರಿಯಿಡೀ ಪಾದ ಒಣಗಿದ್ದರೆ ಮಾತ್ರ ಚರ್ಮ ಕೊಳೆಯದೆ ಉಳಿಯುತ್ತದೆ.

ಕರ್ನಾಟಕದ ಬೆಟ್ಟಗಳಲ್ಲಿ ಅಭ್ಯಾಸ ಮಾಡಿದರೆ ಎತ್ತರಕ್ಕೆ ಒಗ್ಗಬಹುದೇ? ಡೈಮಾಕ್ಸ್ ಮಾತ್ರೆ ಹಾಕಿಕೊಂಡರೆ ಸಾಕೇ?
– ಓದುಗರು, ಮೈಸೂರು

ಕಾಲಿಗೆ ಅಭ್ಯಾಸವಾಗುತ್ತದೆ, ಎತ್ತರಕ್ಕೆ ಆಗುವುದಿಲ್ಲ. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ರುವೆಂಜೋರಿಯ ಮೊದಲ ರಾತ್ರಿಯ ಹಟ್ ಅದಕ್ಕಿಂತ ಏಳುನೂರು ಮೀಟರ್ ಮೇಲಿದೆ. ಆದರೂ ಕುಕ್ಕೆಯಿಂದ ಕುಮಾರ ಪರ್ವತಕ್ಕೆ, ಎಂಟು–ಹತ್ತು ಕಿಲೋ ಹೊತ್ತು ಹತ್ತಿಳಿಯುವುದು ಅತ್ಯುತ್ತಮ ತಯಾರಿ. ಜಾರುವ ಇಳಿತಕ್ಕೆ ಮೊಣಕಾಲು ಗಟ್ಟಿಯಾಗಬೇಕು, ಅದು ಜಿಮ್ಮಿನ ಟ್ರೆಡ್‌ಮಿಲ್‌ನಲ್ಲಿ ಬರುವುದಿಲ್ಲ.

ಡೈಮಾಕ್ಸ್ (ಅಸೆಟಾಜೋಲಮೈಡ್) ಎತ್ತರದ ಕಾಯಿಲೆಯ ತಡೆಗಾಗಿ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆ ಎರಡು ಬಾರಿ, ಏರುವ ಹಿಂದಿನ ದಿನದಿಂದ. ಸಲ್ಫಾ ಅಲರ್ಜಿ ಅಥವಾ ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಬೆರಳು ಜುಮ್ಮೆನ್ನುವುದು, ಮೂತ್ರ ಹೆಚ್ಚುವುದು ಮಾಮೂಲು. ಮಾತ್ರೆ ಹೊಂದಿಕೊಳ್ಳಲು ನೆರವಾಗುತ್ತದೆಯೇ ಹೊರತು ಅವಸರಕ್ಕೆ ಪರವಾನಗಿಯಲ್ಲ.

ಬಹಳ ಮುಖ್ಯವಾದ ಮಾತು ಇನ್ನು ಮುಂದಿದೆ. ಕಿಟಂಡಾರಾ ಹಟ್ 4,023 ಮೀಟರಿನಲ್ಲಿ ಎರಡು ಪಾಸ್‌ಗಳ ನಡುವೆ ಇದೆ: ಒಂದು ಕಡೆ ಸ್ಕಾಟ್ ಎಲಿಯಟ್ (4,372), ಇನ್ನೊಂದು ಕಡೆ ಫ್ರೆಶ್‌ಫೀಲ್ಡ್ (4,282). ಅಲ್ಲಿ ಕಾಯಿಲೆ ಬಿದ್ದವರು ಕೆಳಗಿಳಿಯಲು ಮೊದಲು 250–350 ಮೀಟರ್ ಹತ್ತಬೇಕು. ಕಿಲೆಂಬೆ ದಾರಿಯ ಹನ್‌ವಿಕ್ಸ್ ಕೂಡ ಹೀಗೆಯೇ, ಬಮ್ವಂಜಾರಾ (4,450) ಮತ್ತು ಸ್ಕಾಟ್ ಎಲಿಯಟ್ ನಡುವಿನ ಕುಳಿಯಲ್ಲಿದೆ. ಆದ್ದರಿಂದ ಮುಂದೆ ಹೋಗುವುದೋ ಮರಳುವುದೋ ಎಂಬ ತೀರ್ಮಾನ ಆ ಕುಳಿಗೆ ಇಳಿಯುವ ಮೊದಲೇ ಆಗಬೇಕು. ಸೆಂಟ್ರಲ್ ಸರ್ಕ್ಯೂಟಿನಲ್ಲಿ ಅದಕ್ಕೆ ತಕ್ಕ ಜಾಗ ಬುಜುಕು ಅಥವಾ ಎಲೆನಾ: ಅಲ್ಲಿಂದ ಬಂದ ದಾರಿಯಲ್ಲೇ ಜಾನ್ ಮಾಟೆಗೆ ತಡೆಯಿಲ್ಲದೆ ಇಳಿಯಬಹುದು. ಕಿಲೆಂಬೆಯಲ್ಲಿ ಅದು ಬುಗಾಟಾ.

ತಲೆನೋವಿನ ಜೊತೆ ವಾಂತಿಯೂ ಇದ್ದು, ನೋವಿನ ಮಾತ್ರೆಗೂ ಜಗ್ಗದಿದ್ದರೆ ಮೇಲೆ ಹೋಗಬೇಡಿ. ಸಂಜೆ ಹಟ್ ಮುಂದೆ ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತ ಹತ್ತು ಹೆಜ್ಜೆ ನೇರ ನಡೆದು ನೋಡಿ. ತೂರಾಡಿದರೆ ಮಿದುಳು ಊದಿಕೊಳ್ಳುತ್ತಿರುವ ಶಂಕೆ. ಕುಳಿತಲ್ಲೇ ಏದುಸಿರು, ಬಿಡದ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಎರಡಕ್ಕೂ ಮೊದಲ ಮದ್ದು ಕೆಳಗಿಳಿಯುವುದು, ರಾತ್ರಿಯಾಗಿದ್ದರೂ ಸರಿ. ಮೋಡ ಕವಿದ ಈ ಕಣಿವೆಗಳಿಗೆ ಹೆಲಿಕಾಪ್ಟರ್ ಬರುತ್ತದೆಂದು ನೆಚ್ಚಿ ಕೂರಬೇಡಿ.

ಶುದ್ಧ ಸಸ್ಯಾಹಾರಿಗಳು ಅಲ್ಲಿ ಏನು ತಿನ್ನಬೇಕು?
– ಓದುಗರು, ದಾವಣಗೆರೆ

ಚಿಂತೆ ಬೇಡ. ಉಗಾಂಡಾದವರ ದಿನನಿತ್ಯದ ಊಟದಲ್ಲೇ ಬೇಯಿಸಿದ ಬಾಳೆಕಾಯಿ (ಮಟೋಕೆ), ಬೀನ್ಸ್ ಸಾರು, ಶೇಂಗಾ ಗೊಜ್ಜು, ಚಪಾತಿ ಇವೆ. ರಾಗಿಯೂ ಇದೆ! ರಾಗಿಯ ಮೂಲ ನೆಲೆಯೇ ಪೂರ್ವ ಆಫ್ರಿಕದ ಎತ್ತರ ಪ್ರದೇಶ, ಅಲ್ಲಿಂದಲೇ ಅದು ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದದ್ದು. ಅಲ್ಲಿ ‘ಕಾಲೊ’ ಎಂದು ಮಾಡುವ ಮುದ್ದೆ ನಮ್ಮ ಮುದ್ದೆಯ ಹತ್ತಿರದ ನೆಂಟ. ಬುಕಿಂಗ್ ಮಾಡುವಾಗ ‘ಸಸ್ಯಾಹಾರಿ’ ಎಂದಷ್ಟೇ ಬರೆಯದೆ ಮಾಂಸ, ಮೀನು, ಮೊಟ್ಟೆ ಯಾವುದೂ ಬೇಡ, ಮಾಂಸ ಬೇಯಿಸಿದ ಸಾರೂ ಬೇಡ ಎಂದು ಬಿಡಿಸಿ ಹೇಳಿ.

ಊರಿನಿಂದ ಒಯ್ಯುವುದಾದರೆ ಒಂದು ಲೆಕ್ಕ ನೆನಪಿಡಿ: ಎಲೆನಾದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ತೊಗರಿಬೇಳೆ ಗಂಟೆಗಟ್ಟಲೆ ಇಟ್ಟರೂ ಬೇಯುವುದಿಲ್ಲ, ಅನ್ನವಾಗಲೂ ಬಹಳ ಹೊತ್ತು ಹಿಡಿಯುತ್ತದೆ. ಅವಲಕ್ಕಿಗೆ ಬಿಸಿನೀರು ಸಾಕು. ರಾಗಿ ಅಂಬಲಿಯೂ ಆ ಕಾವಿಗೆ ಚೆನ್ನಾಗಿ ಆಗುತ್ತದೆ. ಹುರಿದ ರವೆಯ ಉಪ್ಪಿಟ್ಟಿನ ಪುಡಿ, ಹುರಿಹಿಟ್ಟು, ಚಟ್ನಿಪುಡಿ, ಶೇಂಗಾ ಚಿಕ್ಕಿ – ಇಷ್ಟು ಮೊಹರಾದ ಪೊಟ್ಟಣಗಳಲ್ಲಿರಲಿ. ಎತ್ತರದಲ್ಲಿ ಹಸಿವು ಸತ್ತುಹೋಗುತ್ತದೆ. ಆಗ ನಾಲಿಗೆಗೆ ಪರಿಚಯದ ಖಾರ ಒಂದು ಚಮಚ ಇದ್ದರೆ ನಾಲ್ಕು ತುತ್ತು ಹೆಚ್ಚು ಇಳಿಯುತ್ತದೆ.

ಲಸಿಕೆ, ವೀಸಾ, ಮಲೇರಿಯಾ ಬಗ್ಗೆ ತಿಳಿಸಿ.
– ಓದುಗರು, ಮಂಗಳೂರು

ಹಳದಿ ಜ್ವರದ ಲಸಿಕೆ ಕಡ್ಡಾಯ. ಉಗಾಂಡಾಕ್ಕೆ ಕಾಲಿಡಲೂ ಬೇಕು, ವಾಪಸು ಭಾರತಕ್ಕೆ ಬರಲೂ ಬೇಕು. ಪ್ರಮಾಣಪತ್ರ ಇಲ್ಲದೆ ಮರಳಿದರೆ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ ಹಾಕಿಸಿ, ಹಳದಿ ಪುಸ್ತಿಕೆ ಪಡೆಯಿರಿ. ಹಾಕಿಸಿದ ಹತ್ತು ದಿನದ ನಂತರವಷ್ಟೇ ಅದು ಮಾನ್ಯ, ಆಮೇಲೆ ಜೀವನಪೂರ್ತಿ. ಮೊಟ್ಟೆಯ ತೀವ್ರ ಅಲರ್ಜಿ ಇರುವವರು, ಗರ್ಭಿಣಿಯರು, 60 ದಾಟಿದವರು ಮೊದಲು ವೈದ್ಯರ ಜೊತೆ ಮಾತನಾಡಿ.

ವೀಸಾ ಆನ್‌ಲೈನ್‌ನಲ್ಲಿ ಹೊರಡುವ ಮುನ್ನವೇ ಪಡೆಯಬೇಕು. ಡಾಲರ್ ನೋಟುಗಳು ಹೊಸವಿರಲಿ. ಹಳೆಯ ವರ್ಷದ, ಮಡಚಿ ಹರಿದ ನೋಟುಗಳನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ.

ಬೆಟ್ಟದ ಮೇಲೆ ಸೊಳ್ಳೆ ಇಲ್ಲ ಎಂದು ಮಲೇರಿಯಾ ಮಾತ್ರೆ ಬಿಡಬೇಡಿ. ಕಸೇಸೆ ತಗ್ಗಿನ, ಬಿಸಿಲಿನ, ಮಲೇರಿಯಾ ಇರುವ ಊರು. ಅಲ್ಲಿ ಕಚ್ಚಿದ ಸೊಳ್ಳೆಯ ಜ್ವರ ಒಂದು ವಾರದ ನಂತರ, ಅಂದರೆ ನೀವು ಮೇಲಿರುವಾಗಲೇ ಕಾಣಿಸಬಹುದು. ತಲೆನೋವು, ವಾಂತಿ ಎರಡರಲ್ಲೂ ಇರುವುದರಿಂದ ಎತ್ತರದ ಕಾಯಿಲೆಯೆಂದು ತಪ್ಪು ತಿಳಿಯುವ ಸಾಧ್ಯತೆ ಹೆಚ್ಚು. ಚಳಿಜ್ವರ ಇದ್ದರೆ ಮಲೇರಿಯಾ ಎಂದೇ ಎಣಿಸಿ ಇಳಿದು ರಕ್ತ ಪರೀಕ್ಷೆ ಮಾಡಿಸಿ.

ಶಿಖರದ ಏಣು ಕಾಂಗೋ ಗಡಿಯಲ್ಲೇ ಇದೆ, ಆಚೆ ಬದಿ ವಿರುಂಗಾ ಉದ್ಯಾನ. ಗಡಿಭಾಗದ ಭದ್ರತೆ ಆಗಾಗ ಬದಲಾಗುವುದರಿಂದ ಟಿಕೆಟ್ ಕೊಳ್ಳುವ ಮುನ್ನ ಒಮ್ಮೆ, ಹೊರಡುವ ವಾರ ಇನ್ನೊಮ್ಮೆ ವಿದೇಶಾಂಗ ಸಚಿವಾಲಯದ ಸೂಚನೆ ನೋಡಿ.

ಪರ್ವತಾರೋಹಣದ ಕೋರ್ಸ್ ಮಾಡಿಲ್ಲ. ಮಾರ್ಗರಿಟಾ ಹತ್ತಬಹುದೇ? ಹಿಮ ಇನ್ನೂ ಉಳಿದಿದೆಯೇ?
– ಓದುಗರು, ಧಾರವಾಡ

ಹತ್ತಬಹುದು, ಆದರೆ ಕ್ರ್ಯಾಂಪಾನ್ (ಬೂಟಿನ ಅಡಿಗೆ ಕಟ್ಟುವ ಉಕ್ಕಿನ ಮುಳ್ಳುಗಳು), ಐಸ್ ಆಕ್ಸ್ (ಹಿಮಗೊಡಲಿ), ಹಾರ್ನೆಸ್ (ಹಗ್ಗ ಸಿಕ್ಕಿಸಲು ಸೊಂಟಕ್ಕೆ ಕಟ್ಟುವ ಪಟ್ಟಿ), ಹೆಲ್ಮೆಟ್, ಹಗ್ಗ ಎಲ್ಲ ಬೇಕು. ಗಮ್‌ಬೂಟಿಗೆ ಕ್ರ್ಯಾಂಪಾನ್ ನಿಲ್ಲುವುದಿಲ್ಲ, ಅದಕ್ಕೆ ಗಟ್ಟಿ ಅಡಿಯ ಬೂಟು ಬೇರೆಯೇ ಒಯ್ಯಬೇಕು. ಬಾಡಿಗೆ ಸಾಮಾನನ್ನು ಕೆಳಗೆ, ಹೊರಡುವ ಜಾಗದಲ್ಲೇ ಬೂಟಿಗೆ ಕಟ್ಟಿ ಕಾಲು ಕೊಡವಿ ನೋಡಿ. ಎಲೆನಾದಲ್ಲಿ ನಸುಕಿನ ಎರಡು ಗಂಟೆಗೆ, ತಲೆದೀಪದ ಬೆಳಕಲ್ಲಿ ಅಳತೆ ಕೂಡುತ್ತಿಲ್ಲ ಎಂದು ಗೊತ್ತಾದರೆ ಶಿಖರ ಅಲ್ಲಿಗೇ ಮುಗಿಯಿತು. ಅಷ್ಟು ಬೇಗ ಹೊರಡುವುದೇಕೆಂದರೆ ಹೊತ್ತೇರಿದಂತೆ ಹಿಮ ಮೆತ್ತಗಾಗಿ, ಮೋಡ ಕವಿದು ದಾರಿ ಕಾಣದಾಗುತ್ತದೆ.

ಹಿಮ ಕರಗುತ್ತಿರುವ ವೇಗ ಕಂಡರೆ ಎದೆ ಭಾರವಾಗುತ್ತದೆ. 1906ರಲ್ಲಿ ಈ ಪರ್ವತಗಳ ಮೇಲೆ ಸುಮಾರು 6.5 ಚದರ ಕಿ.ಮೀ. ಹಿಮನದಿ ಇತ್ತು, 2003ರ ಹೊತ್ತಿಗೆ ಒಂದು ಚದರ ಕಿ.ಮೀ.ಗೂ ಕಡಿಮೆ. ಅಂದಿನಿಂದ ಇನ್ನೂ ಕುಗ್ಗಿದೆ. ಹೀಗಾಗಿ ಹಿಮದಿಂದ ಬಂಡೆಗೆ ದಾಟುವ ಜಾಗಗಳು, ಏಣಿ, ಹಗ್ಗ ಕಟ್ಟುವ ಕಡೆಗಳು ಬದಲಾಗುತ್ತಲೇ ಇರುತ್ತವೆ. ಎರಡು ವರ್ಷದ ಹಿಂದಿನ ವಿಡಿಯೋ ನೋಡಿ ದಾರಿ ಗೊತ್ತಿದೆ ಎಂದುಕೊಳ್ಳಬೇಡಿ.

ಶಿಖರ ಬೇಡ, ಗಿಡಮರ ನೋಡಬೇಕು. ಜೊತೆಗೆ ಅಪ್ಪ-ಅಮ್ಮನೂ ಬರುತ್ತಾರೆ. ಯಾವ ತಿಂಗಳು ಒಳ್ಳೆಯದು?
– ಸಸ್ಯಶಾಸ್ತ್ರ ವಿದ್ಯಾರ್ಥಿನಿ, ಬೆಳಗಾವಿ

ಡಿಸೆಂಬರಿನಿಂದ ಫೆಬ್ರವರಿ, ಇಲ್ಲವೇ ಜೂನ್ ಕೊನೆಯಿಂದ ಆಗಸ್ಟ್ ಮೊದಲ ಭಾಗ. ಹಿರಿಯರಿಗೆ ಮಹೋಮಾ ಸರೋವರದ ಮೂರು ದಿನದ ಸುತ್ತು ಒಳ್ಳೆಯದು. ಎತ್ತರ ಮೂರು ಸಾವಿರ ಮೀಟರಿನ ಆಸುಪಾಸಿನಲ್ಲೇ ಮುಗಿಯುತ್ತದೆ, ಕಾಡು, ಬಿದಿರು, ಹೀದರ್ ಮರಗಳು ಎಲ್ಲ ಸಿಗುತ್ತವೆ. ಅಮ್ಮನಿಗೆ ಮೊಣಕಾಲು ನೋವಿದ್ದರೆ ಎರಡು ಕೋಲು ಕೊಡಿಸಿ.

ನೀವು ಮಾತ್ರ ಸಾಧ್ಯವಾದರೆ ಬುಜುಕುವರೆಗಾದರೂ ಹೋಗಿ. ಬೇರೆಡೆ ಪುಟ್ಟ ಗಿಡವಾಗಿರುವ ಸಸ್ಯಗಳ ಬಂಧುಗಳು ಅಲ್ಲಿ ಮರವಾಗಿ ನಿಂತಿವೆ. ಹೀದರ್ ಹತ್ತಾರು ಅಡಿ ಎತ್ತರ ಬೆಳೆದು ಕಲ್ಲುಹೂವಿನ ಗಡ್ಡ ಇಳಿಬಿಟ್ಟಿರುತ್ತದೆ. ಇನ್ನೂ ಮೇಲೆ ದೈತ್ಯ ಸೆನೆಸಿಯೊ ಒಣಗಿದ ಎಲೆಗಳನ್ನು ಉದುರಿಸದೆ ಕಾಂಡಕ್ಕೇ ಸುತ್ತಿಕೊಂಡು, ರಾತ್ರಿಯ ಹೆಪ್ಪುಗಟ್ಟುವ ಚಳಿಯಿಂದ ತನ್ನನ್ನು ಕಾಪಾಡಿಕೊಳ್ಳುತ್ತದೆ. ಜೌಗಿನ ಲೊಬಿಲಿಯಾ ತನ್ನ ಎಲೆಬಟ್ಟಲಿನಲ್ಲಿ ನೀರು ಹಿಡಿದಿಡುತ್ತದೆ. ಮೇಲ್ಪದರ ಮಂಜುಗಡ್ಡೆಯಾದರೂ ಅಡಿಯ ಮೊಗ್ಗು ಹೆಪ್ಪುಗಟ್ಟುವುದಿಲ್ಲ. ಬೆಳಿಗ್ಗೆ ಬೇಗ ಎದ್ದು ಹೋದರೆ ಆ ಮಂಜಿನ ಬಿಲ್ಲೆಯನ್ನು ಕಣ್ಣಾರೆ ನೋಡಬಹುದು. 1994ರಿಂದ ಇದು ವಿಶ್ವ ಪರಂಪರೆಯ ತಾಣ. ಅನುಮತಿ ಇಲ್ಲದೆ ಎಲೆಯನ್ನೂ ಕೀಳುವಂತಿಲ್ಲ, ಫೋಟೋ ಮತ್ತು ಟಿಪ್ಪಣಿ ಸಾಕು ಮಾಡಿಕೊಳ್ಳಿ.

ಪೋರ್ಟರ್‌ಗಳಿಗೆ ಭಕ್ಷೀಸು ಕೊಡಬೇಕೇ?
– ಓದುಗರು, ಕೊಪ್ಪಳ

ಕೊಡಬೇಕು. ಅವರು ಬಹುತೇಕ ಈ ಬೆಟ್ಟದ ತಪ್ಪಲಿನ ಬಕೊಂಜೊ ಸಮುದಾಯದವರು; ನೀವು ಬರಿಗೈಯಲ್ಲಿ ತಡಕಾಡುವ ಕೆಸರಿನಲ್ಲಿ ಹೊರೆ ಹೊತ್ತು ನಡೆಯುತ್ತಾರೆ. ಕೊನೆಯ ದಿನ ಪ್ರತಿಯೊಬ್ಬರ ಕೈಗೇ, ಉಗಾಂಡಾ ಶಿಲ್ಲಿಂಗ್‌ನಲ್ಲಿ ಕೊಡಿ. ಒಬ್ಬರ ಹೊರೆಯ ಮಿತಿ ಎಷ್ಟೆಂದು ಬುಕಿಂಗ್ ಮಾಡುವಾಗಲೇ ಕೇಳಿ, ಅದಕ್ಕಿಂತ ಭಾರವಾದರೆ ಇನ್ನೊಬ್ಬರನ್ನು ಸೇರಿಸಿಕೊಳ್ಳಿ.

ಮಗ ಹೋಗುತ್ತೇನೆ ಅಂತಿದ್ದಾನೆ. ಮೇಲೆ ಫೋನು ಸಿಗುತ್ತದೆಯೇ? ನಮಗೆ ಸುದ್ದಿ ಹೇಗೆ ತಿಳಿಯಬೇಕು?
– ತಾಯಿ, ಚಿಕ್ಕಮಗಳೂರು

ಕೆಲವು ಏಣುಗಳ ಮೇಲೆ ಸಿಗ್ನಲ್ ಬಂದು ಹೋಗುತ್ತದೆ, ಕಣಿವೆಗಳಲ್ಲಿ ಇಲ್ಲ. ಎರಡು-ಮೂರು ದಿನ ಸುದ್ದಿ ಇಲ್ಲದಿದ್ದರೆ ಗಾಬರಿಯಾಗಬೇಡಿ ಅಮ್ಮ, ಅದು ಅಲ್ಲಿ ಸಹಜ. ಉಪಗ್ರಹ ಸಂದೇಶದ ಸಾಧನ ಬೇಕೆಂದರೆ ಅದನ್ನು ಅಲ್ಲೇ ಬಾಡಿಗೆಗೆ ಪಡೆಯಲಿ. ಭಾರತದಲ್ಲಿ ಅನುಮತಿಯಿಲ್ಲದೆ ಅಂಥದನ್ನು ಇಟ್ಟುಕೊಳ್ಳುವುದು ಅಪರಾಧ, ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರಿದ್ದಾರೆ.

ವಿಮೆಯ ಕಾಗದವನ್ನು ನೀವೂ ಒಮ್ಮೆ ಓದಿಸಿ ನೋಡಿ. ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಹಗ್ಗ, ಐಸ್ ಆಕ್ಸ್ ಬಳಸುವ ಏರಿಕೆ ಸೇರಿರುವುದಿಲ್ಲ, ಎತ್ತರದ ಮಿತಿಯೂ ಇರುತ್ತದೆ. 5,109 ಮೀಟರನ್ನು ಒಳಗೊಂಡಿದೆ ಎಂದು ಬರಹದಲ್ಲಿರಬೇಕು. ಹೊರಡುವ ಮುನ್ನ ಮಗ ಒಂದು ಹಾಳೆಯಲ್ಲಿ ಯಾವ ತಾರೀಕು ಯಾವ ಹಟ್, ಕೆಳಗಿಳಿಯುವ ದಿನ, ಚಾರಣ ನಡೆಸುವವರ ಕಚೇರಿಯ ನಂಬರ್, ವಿಮೆಯ ಸಂಖ್ಯೆ, ರಕ್ತದ ಗುಂಪು ಬರೆದು ನಿಮ್ಮ ಕೈಗೆ ಕೊಡಲಿ. ಉಗಾಂಡಾ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಇಳಿಯುವ ದಿನದ ಮರುದಿನ ಅಲ್ಲಿನ ಮಧ್ಯಾಹ್ನದ ಹೊತ್ತಿಗೂ ಕರೆ ಬಾರದಿದ್ದರೆ ಆ ಕಚೇರಿಗೆ ಫೋನ್ ಮಾಡಿ. ಹಟ್‌ಗಳಲ್ಲಿರುವ ಬೇರೆ ತಂಡಗಳ ಗೈಡ್‌ಗಳ ಮೂಲಕ ಅವರು ವಿಚಾರಿಸಿ ಹೇಳಬಲ್ಲರು.